ನೀರಿಲಿಗಳ ಕ್ಷೇಮಸಮಾಚಾರ

ಸ್ವೇಲ್‌ಫೋರ್ಡ್
ಏಪ್ರಿಲ್ 6, 2009

ಪ್ರಿಯ ಹೆಸ್ಟರ್,

ನೀನು ತಂಗಿಯ ಮುರಿದ ಸೊಂಟ ನೋಡಿಕೊಳ್ಳಲು ಆರ್ಕ್ನಿ ದ್ವೀಪದ ಹಡಗು ಹತ್ತಿದ ಗಳಿಗೆಯಿಂದ ಹೊಳೆಯ ಆ ದಂಡೆಯ ನಿನ್ನ ತೋಟಕ್ಕೂ ಈ ದಂಡೆಯ ನನ್ನ ತೋಟಕ್ಕೂ ನಾನೊಬ್ಬನೇ ಧಣಿ. ದಂಡೆಯ ದಂಡನಾಯಕ. ದಂಡಪಿಂಡ ಎಂಬುದು ಊರವರ ಪಾಠಾಂತರ.

ನಿನ್ನ ಅಪ್ಪಣೆಗಳು ಅಡುಗೆಮನೆಯ ಗೋಡೆಯ ಮೇಲಿವೆ. ನೀರಿನಂಚಿನಿಂದ ಎರಡು ಮಾರಿನವರೆಗೆ ಹುಲ್ಲು ಮುಟ್ಟಕೂಡದು. ನನ್ನ ಬೆಕ್ಕು ಕೇಟೊ ಬಿಸಿಲೇರುವ ತನಕ ಹೊರಗೆ ಬರಕೂಡದು. ಪಾಷಾಣದ ಹೆಸರೆತ್ತಕೂಡದು. ಹೆಜ್ಜೆಗುರುತು ಹಿಡಿಯಲೆಂದು ಹೊಳೆಯಲ್ಲಿ ತೇಲಿಬಿಟ್ಟ ತೆಪ್ಪದ ಮೇಲಿನ ಜೇಡಿಮಣ್ಣನ್ನು ವಾರವಾರ ನೋಡಿ, ನೀರಿಲಿ ತಿನ್ನುವ ಮಿಂಕ್‌ನ ಹೆಜ್ಜೆ ಕಂಡರೆ ಜೋಸ್ಲಿನ್‌ಗೆ ಹೇಳಬೇಕು. ಜೋಸ್ಲಿನ್ ಫ್ರೈ ನಮ್ಮೂರಿನ ಹಲ್ಲಿನ ಡಾಕ್ಟರೂ ಹೊಳೆ ಕಾಯುವವರ ಮುಖಂಡಳೂ ಆಗಿರುವುದರಿಂದ ನಾನು ಆಕೆಗೆ ಎರಡು ಕಾರಣಕ್ಕೆ ಹೆದರುತ್ತೇನೆ.

ಹುಲ್ಲು ಮೊಣಕಾಲು ಮುಟ್ಟುತ್ತಿದೆ. ನಲವತ್ತು ವರ್ಷ ನುಣ್ಣಗೆ ಬೋಳಿಸಿಟ್ಟ ದಂಡೆ ಈಗ ಗಡ್ಡ ಬಿಟ್ಟಿದೆ. ನಿನ್ನೆ ಮಿಸೆಸ್ ಡೇಕರ್ ಬೇಲಿಯ ಬಳಿ ನಿಂತಳು. ಗಂಡ ತೀರಿಕೊಂಡ ಮೇಲೆ ಊರಿನ ಹೂದೋಟಗಳನ್ನೆಲ್ಲ ಆಕೆಯೇ ಆಳುತ್ತಿದ್ದಾಳಷ್ಟೇ.

"ಏನ್ ಥ್ರಪ್ ಅವ್ರೇ, ಹುಲ್ಲು ಕತ್ರಿಸೋ ಮಿಷನ್ ಕೆಟ್ಟೋಯ್ತಾ, ಇಲ್ಲಾ ನೀವೇ ಕೆಟ್ಟೋದ್ರಾ?"

"ಇಲಿ ಸಾಕ್ತಿದ್ದೀನಿ ತಾಯಿ."

"ಮನೇಲಿ ಹೇಳೋರು ಕೇಳೋರು ಇಲ್ದಿದ್ರೆ ಹಿಂಗೇ ಆಗೋದು ನೋಡಿ."

ಮೇಷ್ಟರಾಗಿದ್ದಾಗ ಎಂಥೆಂಥವರ ಬಾಯಿ ಮುಚ್ಚಿಸಿದ್ದೆ. ಈ ಮಾತಿಗೆ ಉತ್ತರ ಹೊಳೆಯಲಿಲ್ಲ, ಎದುರಿಗೇ ಹೊಳೆಯಿದ್ದರೂ.

ಆಗಲೇ ಒಂದು ನೀರಿಲಿ ಹೊರಬಂತು. ಇಲಿಯ ಮೈಗೆ ಕರಡಿಮರಿಯ ಮುಖ ಅಂಟಿಸಿದಂಥ ಪ್ರಾಣಿ. ಹಿಂಗಾಲ ಮೇಲೆ ಕೂತು ಜೊಂಡಿನ ಕಾಂಡವನ್ನು ಕೊಳಲಿನ ಹಾಗೆ ಹಿಡಿದು ತಿಂದು, ನಮ್ಮನ್ನು ನೋಡಿ, 'ಪ್ಲಪ್' ಎಂದು ನೀರಿಗೆ ಬಿತ್ತು. ಗಿರಣಿಯಿಂದ ಮೇಲಕ್ಕೆ ಈ ಹೊಳೆಯಲ್ಲಿ ಉಳಿದಿರುವವು ನಮ್ಮೆರಡು ದಂಡೆಯವು ಮಾತ್ರ ಎಂದು ನೀನು ಹೇಳಿದಾಗಲೆಲ್ಲ ನಾನು ಆಕಳಿಸುತ್ತಿದ್ದೆ. ಈಗ ಒಬ್ಬನೇ ಕಾಯುವಾಗ ಆಕಳಿಕೆ ಬರುವುದಿಲ್ಲ.

ಇಲ್ಲಿಯ ಇಲಿಗಳೆಲ್ಲ ಇಲ್ಲೇ ಇವೆ. ನಿನ್ನ ಕಿವಿಗೂ ಫೋನಿಗೂ ಆಗಿಬರುವುದಿಲ್ಲವಾದ್ದರಿಂದ ಇನ್ನು ಪತ್ರವೇ ಗತಿ.

ನಿನ್ನ,
ಲಯನೆಲ್


ಸ್ಟ್ರಾಮ್‌ನೆಸ್, ಆರ್ಕ್ನಿ
ಏಪ್ರಿಲ್ 17

ಪ್ರಿಯ ಲಯನೆಲ್,

ಗಾಳಿಗೆ ಹಡಗು ನಿಂತು ನಿನ್ನ ಪತ್ರ ತಡವಾಗಿ ಬಂತು. ಊನಾ ಹಾಸಿಗೆಯಲ್ಲಿದ್ದಾಳೆ, ನಾಲಿಗೆ ಮಾತ್ರ ಎದ್ದು ಓಡಾಡುತ್ತಿದೆ. "ಅಕ್ಕ ಬಂದವ್ಳೆ, ಇನ್ನು ಸಾಯೋಕೂ ಅವಳ್ನೇ ಕೇಳ್ಬೇಕು" ಎಂದು ಪಕ್ಕದ ಮನೆಯವಳಿಗೆ ಹೇಳಿದಳು. ನನಗೆ ಕೇಳಿಸದೇನೋ ಎಂದು ಜೋರಾಗಿಯೇ ಹೇಳಿದಳು.

ಜೇಡಿಯ ಬಗ್ಗೆ ನೀನು ಒಂದೇ ಸಾಲು ಬರೆದಿದ್ದೀಯ. ಹೊಳೆ ಕಾಯುವವರ ಸಭೆಗಳಲ್ಲಿ ನೀನು ನಿದ್ದೆ ಮಾಡಿದ್ದರಿಂದ ಮತ್ತೆ ಹೇಳುತ್ತೇನೆ. ಬೆಕ್ಕು ಬಂದರೆ ನೀರಿಲಿ ನೀರಿಗೆ ಹಾರಿ ಬದುಕುತ್ತದೆ, ಗಿಡುಗ ಬಂದರೆ ಬಿಲ ಹೊಕ್ಕು ಬದುಕುತ್ತದೆ. ತುಪ್ಪಳಕ್ಕೆಂದು ಅಮೆರಿಕದಿಂದ ತಂದು ಸಾಕಿದ ಮಿಂಕ್ ತಪ್ಪಿಸಿಕೊಂಡು ನಮ್ಮ ಹೊಳೆಗಳಿಗೆ ಬಂದಿದೆಯಲ್ಲ, ಅದು ಈಜುತ್ತದೆ, ಬಿಲದೊಳಕ್ಕೂ ನುಗ್ಗುತ್ತದೆ. ಅದರಿಂದ ಓಡಲು ನೀರಿಲಿಗೆ ಬಾಗಿಲೇ ಇಲ್ಲ. ಹನ್ನೊಂದು ವರ್ಷ ನಾನು ಈ ದಂಡೆಗೆ ಜೊಂಡು ನೆಟ್ಟದ್ದು, ಬೇಲಿ ಹಾಕಿದ್ದು ಒಂದು ವಾರದಲ್ಲಿ ಖಾಲಿಯಾಗಬಹುದು. ಆದ್ದರಿಂದ ಜೇಡಿ ನೋಡು.

ಕೆಳಗಿನ ಸೇತುವೆಯ ಹತ್ತಿರ ನೀರುನಾಯಿಯ ಗುರುತು ಸಿಕ್ಕಿದೆಯೆಂದು ಜೋಸ್ಲಿನ್ ಹೇಳಿದ್ದಳು. ನೀರುನಾಯಿ ಕಾಲಿಟ್ಟಲ್ಲಿಂದ ಮಿಂಕ್ ಕಾಲು ಕೀಳುತ್ತದೆ. ಅದು ನಮ್ಮ ದಂಡೆಯವರೆಗೆ ಬಂದ ದಿನ ನಿನ್ನ ಶ್ಲೇಷೆಗಳಿಗೂ ನಗುತ್ತೇನೆ.

ಹೆಸ್ಟರ್


ಸ್ವೇಲ್‌ಫೋರ್ಡ್
ಮೇ 4

ಪ್ರಿಯ ಹೆಸ್ಟರ್,

ನಗಲು ತಯಾರಾಗು. ಯಾಕೆಂದು ಈಗ ಹೇಳುವುದಿಲ್ಲ.

ಮನೆಗೊಬ್ಬ ಅತಿಥಿ ಬರುತ್ತಿದ್ದಾರೆ. ನಸುಕಿಗೆ ಬರುವುದು, ಮಾತಿಲ್ಲದೆ ಉಂಡು ಹೋಗುವುದು. ಕಪ್ಪಗಿದ್ದರೂ ಕಣ್ಣು ಸೆಳೆಯುವ ಮೈಕಟ್ಟು, ಮೈಮೇಲಿನ ಕೋಟಿನ ಹೊಳಪಂತೂ ಬೆಲೆ ಕಟ್ಟಲಾಗದ್ದು. ಮೀನೆಂದರೆ ಪ್ರಾಣ. ಸಂತೆಯ ಮೀನಿನವ ಕೇಳಿದ: "ಮೇಷ್ಟ್ರೇ, ವಾರಕ್ಕೊಂದು ಮೀನು ತಗೊಳ್ತಿದ್ದೋರು ದಿನಾ ತಲೆ ಕೇಳ್ತೀರಲ್ಲ, ಬೆಕ್ಕು ಮರಿ ಹಾಕ್ತಾ?" "ಇಲ್ಲಪ್ಪ, ನನಗೇ ತಲೆ ಕಡಿಮೆ" ಎಂದೆ. ನಾನು ಒಂದು ಸೀಟಿ ಹೊಡೆದರೆ ಸಾಕು, ಅತಿಥಿ ಹಾಜರು. ಅರವತ್ತೆಂಟನೆಯ ವಯಸ್ಸಿನಲ್ಲಿ ಇಂಥ ಭಾಗ್ಯ.

ನೀರಿಲಿಗಳು ಸ್ವಲ್ಪ ಸಂಕೋಚದಲ್ಲಿವೆ. ಮರಿ ಹಾಕುವ ಕಾಲವಲ್ಲವೇ, ಬಾಣಂತಿಯರು ಹೊರಗೆ ಬರುವುದು ಕಡಿಮೆ. ಜೇಡಿ ಕನ್ನಡಿಯಂತಿದೆ, ಒಂದು ಗೆರೆಯೂ ಇಲ್ಲ.

ಲಯನೆಲ್


ಸ್ಟ್ರಾಮ್‌ನೆಸ್
ಮೇ 15

ಪ್ರಿಯ ಲಯನೆಲ್,

ಯಾರವಳು?

ನಿನ್ನ ಪತ್ರವನ್ನು ಊನಾಳಿಗೆ ಎರಡು ಸಲ ಓದಿದೆ. ಡೇಕರ್ ವಿಧವೆಯೇ ಇರಬೇಕೆಂದು ಆಕೆ. ಮಾತಿಲ್ಲದೆ ಉಣ್ಣುವುದು ಡೇಕರಳಿಂದ ಆಗದ ಕೆಲಸವೆಂದು ನಾನು. "ನಿಂಗೇನೇ ಹೊಟ್ಟೆಉರಿ? ಅವ್ನು ನಿನ್ನ ಹೊಳೆ ಆಚೆ ಗಂಡ್ಸು ತಾನೆ, ಈಚೆ ಗಂಡ್ಸಲ್ವಲ್ಲ" ಎಂದಳು. ನನಗೆ ಕೇಳಿಸಲಿಲ್ಲ ಎಂದೆ. ಕಿವುಡುತನಕ್ಕೆ ಇಂಥ ಒಂದೆರಡು ಉಪಯೋಗಗಳಿವೆ.

ನಿನ್ನ ಸುಖಕ್ಕೆ ನನ್ನ ಅಡ್ಡಿಯಿಲ್ಲ. ಸೀಟಿ ಹೊಡೆದು ಹೆಂಗಸನ್ನು ಕರೆಯುವುದು ಮಾತ್ರ ಚೆನ್ನಾಗಿಲ್ಲ.

ಬಾಣಂತಿಯರ ವಿಷಯ ನನಗೆ ಹಿಡಿಸಲಿಲ್ಲ. ಮೇ ತಿಂಗಳಲ್ಲಿ ಅವು ಹೊಟ್ಟೆಬಾಕತನದಿಂದ ಹೊರಗೇ ಇರುತ್ತವೆ. ಹೊಸದಾಗಿ ಓರೆಗೆ ಕಚ್ಚಿದ ಕಾಂಡಗಳು ಇವೆಯೇ? ಕಲ್ಲುಗಳ ಮೇಲೆ ಹಿಕ್ಕೆಯ ಗುಡ್ಡೆಗಳಿವೆಯೇ? ನೋಡಿ ಬರೆ.

ಹೆಸ್ಟರ್


ಸ್ವೇಲ್‌ಫೋರ್ಡ್
ಮೇ 22

ಪ್ರಿಯ ಹೆಸ್ಟರ್,

ನಿನ್ನ ಅನುಮಾನ ಓದಿ ಬಿದ್ದು ಬಿದ್ದು ನಕ್ಕೆ, ಸ್ವಲ್ಪ ಸಂತೋಷವೂ ಆಯಿತು. ಜೂನಿನ ತೋಟ ತೆರೆಯುವ ಭಾನುವಾರದವರೆಗೆ ಗುಟ್ಟು ಇಡಬೇಕೆಂದಿದ್ದೆ. ಆಗುತ್ತಿಲ್ಲ.

ಹೆಂಗಸಲ್ಲ, ನೀರುನಾಯಿ. ನಿನ್ನ ನೀರುನಾಯಿ ಬಂದಿದೆ ಹೆಸ್ಟರ್. ನನ್ನ ಬೆಂಚಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ ಕೂತು ಟ್ರೌಟ್ ಮೀನಿನ ತಲೆ ಕಡಿಯುತ್ತದೆ. ಇನ್ನೂ ಮರಿಯಿರಬೇಕು, ಗಾತ್ರ ಚಿಕ್ಕದು. ತೆಪ್ಪ ಕಂಡರೆ ಬೆದರೀತೆಂದು ಅದನ್ನು ಎತ್ತಿ ಶೆಡ್ಡಿನ ಹಿಂದೆ ಇಟ್ಟಿದ್ದೇನೆ. ನೀರುನಾಯಿಯೇ ಕಾವಲಿರುವಾಗ ಜೇಡಿಯ ಕಾವಲೇಕೆ?

ಊರಿಗೆಲ್ಲ ಹುಚ್ಚು ಹಿಡಿದಿದೆ. ಡೇಕರ್ ತಾನೇ ಬಂದು, "ನಿಮ್ಮ ಹುಲ್ಲಿಗೂ ಒಂದು ಅರ್ಥ ಬಂತು ಬಿಡಿ" ಎಂದಳು. ಚರ್ಚಿನ ಸೂರಿನ ದುರಸ್ತಿಗಾಗಿ ಊರಿನ ತೋಟಗಳನ್ನೆಲ್ಲ ತೆರೆಯುವ ಆ ಭಾನುವಾರ ಈ ಸಲ ನನ್ನ ತೋಟವೇ ಮುಖ್ಯ. 'ಚಹಾ, ಕೇಕ್ ಮತ್ತು ನೀರುನಾಯಿ' ಎಂದು ಗೋಡೆಗೋಡೆಗೆ ಹಚ್ಚಿದ್ದಾರೆ.

ಕಾಂಡಗಳನ್ನು ನೋಡುತ್ತೇನೆ. ಒಂದೆರಡು ಕಂಡ ನೆನಪು.

ಈಗಲಾದರೂ ನಕ್ಕೆಯಾ?

ಲಯನೆಲ್


ಸ್ಟ್ರಾಮ್‌ನೆಸ್
ಮೇ 30

ಲಯನೆಲ್,

ನಗಲಿಲ್ಲ. ನನ್ನ ಅನುಮಾನ ತಪ್ಪಾಗಿರಲಿ ಎಂದು ಬೇಡುತ್ತಾ ಬರೆಯುತ್ತಿದ್ದೇನೆ.

ಗದ್ದದ ಕೆಳಗೆ ಬಿಳಿ ಮಚ್ಚೆಯಿದೆಯೇ? ಈಜುವಾಗ ಬೆನ್ನು ನೀರಿನ ಮೇಲೆ ಕಾಣುತ್ತದೆಯೇ, ಇಲ್ಲ ತಲೆ ಮಾತ್ರವೇ? ಬಾಲ ಬುಡದಲ್ಲಿ ದಪ್ಪವೋ, ಇಲ್ಲ ಉದ್ದಕ್ಕೂ ತುಪ್ಪಳ ತುಂಬಿದ್ದೋ? ನೀರುನಾಯಿ ನಾಲ್ಕು ಹೆಜ್ಜೆ ದೂರದಲ್ಲಿ ಕೂತು ಉಣ್ಣುವುದನ್ನು ನಾನು ಈ ಜನ್ಮದಲ್ಲಿ ಕೇಳಿಲ್ಲ. ಮಿಂಕ್‌ಗೆ ಮನುಷ್ಯರ ಭಯ ಕಡಿಮೆ, ಗದ್ದದ ಬಿಳಿಯೂ ಅದರದೇ.

ಈ ಪತ್ರ ಮುಟ್ಟಿದ ದಿನವೇ ಜೋಸ್ಲಿನ್‌ಳನ್ನು ಕರೆ. ತೆಪ್ಪವನ್ನು ನೀರಿಗೆ ಇಳಿಸು. ಮೀನು ನಿಲ್ಲಿಸು. ಮರಿಗಳ ಕಾಲ ಇದು. ನಾಳೆ ನೋಡೋಣ ಎನ್ನಬೇಡ.

ಹೆಸ್ಟರ್


ಸ್ವೇಲ್‌ಫೋರ್ಡ್
ಜೂನ್ 29

ಪ್ರಿಯ ಹೆಸ್ಟರ್,

ತಡವಾಯಿತು, ಕ್ಷಮಿಸು. ತೋಟ ತೆರೆಯುವ ಭಾನುವಾರದ ಗಡಿಬಿಡಿ, ಆಮೇಲೆ ನೆಗಡಿ, ಆಮೇಲೆ ನೆಗಡಿಯ ನೆಪ.

ಗದ್ದದಲ್ಲಿ ಬಿಳಿಯೇನೂ ಕಾಣಲಿಲ್ಲ. ಅತಿಥಿ ಈಗ ಬರುತ್ತಿಲ್ಲ, ಅತಿಥಿಗೆ ತಿಥಿಯಿಲ್ಲವಲ್ಲ. ಆ ಮಾತು ಬಿಡು, ನಿನಗೆ ಬೇಕಾದದ್ದು ನೀರಿಲಿಗಳ ಕ್ಷೇಮಸಮಾಚಾರ ತಾನೆ.

ವಿಲೋ ಮರದ ಬುಡದ ಬಿಲದಲ್ಲಿ ಒಂದು ತುಂಬು ಸಂಸಾರ. ತಾಯಿಗೆ ಡಚೆಸ್ ಎಂದು ಹೆಸರಿಟ್ಟಿದ್ದೇನೆ, ಮೂಗು ಸದಾ ಮೇಲೆ. ಗಂಡ ಪಾಪದವನು. ದಿನವಿಡೀ ಜೊಂಡು ಕಚ್ಚಿ ತಂದು ಮಕ್ಕಳಿಗೆ ಹಂಚುತ್ತಾನೆ, ಅವನು ತಂದದ್ದು ಯಾವುದೂ ಅವಳಿಗೆ ಸರಿಹೋಗುವುದಿಲ್ಲ. ಮಕ್ಕಳಲ್ಲಿ ಕಿರಿಯದು ನೀರಿಗೆ ಹೆದರುತ್ತದೆ. ನೀರಿಗೆ ಹೆದರುವ ನೀರಿಲಿ, ಹೆಸರಿಗೇ ಅವಮಾನ. ನಿನ್ನೆ ಅಣ್ಣಂದಿರೆಲ್ಲ ಒಬ್ಬೊಬ್ಬರಾಗಿ 'ಪ್ಲಪ್' ಎಂದು ಹಾರಿದರು. ಇದು ಮಾತ್ರ ಅಂಚಿಗೆ ಬಂದು, ನೀರಿನಲ್ಲಿ ತನ್ನ ಮುಖ ನೋಡಿ, ತನಗೇ ನಮಸ್ಕಾರ ಹಾಕಿ ವಾಪಸು ಹೋಯಿತು.

ಊನಾಳಿಗೆ ಓದಿ ಹೇಳು. ಎಲ್ಲ ಸೌಖ್ಯ.

ಲಯನೆಲ್


ಸ್ಟ್ರಾಮ್‌ನೆಸ್
ಜುಲೈ 10

ಪ್ರಿಯ ಲಯನೆಲ್,

ಬಿಳಿ ಇಲ್ಲವೆಂದು ಓದಿದ ಮೇಲೆ ಎದೆಯ ಕಲ್ಲು ಇಳಿಯಿತು. ಎರಡು ಕಲ್ಲಿದ್ದವು ಎನ್ನು, ಒಂದು ಇಳಿಯಿತು.

ಡಚೆಸ್ ಕತೆ ಊನಾಳಿಗೆ ಹುಚ್ಚು ಹಿಡಿಸಿದೆ. "ಆ ಕಿರೀದು ಹಾರ್ತಾ ಇಲ್ವಾ? ಬರೆದು ಕೇಳೇ" ಎಂದು ದಿನಾ ಪ್ರಾಣ ತಿನ್ನುತ್ತಾಳೆ. ಮೊನ್ನೆ ಟಪಾಲಿನವಳು ಬರುವುದನ್ನು ನೋಡಲು ಕೋಲು ಹಿಡಿದು ಕಿಟಕಿಯವರೆಗೆ ನಡೆದಳು. "ಇಲಿಗೋಸ್ಕರ ಎದ್ದಿದ್ದೀನಿ, ನಿಂಗೋಸ್ಕರ ಅಲ್ಲ" ಎಂದು ನನಗೆ ಕೇಳಿಸುವಂತೆ ಕೂಗಿದಳು. ಆದ್ದರಿಂದ ಬೇಗ ಬರೆ, ಉದ್ದಕ್ಕೆ ಬರೆ.

ಒಂದೇ ಮಾತು. ಗಂಡು ನೀರಿಲಿ ಮಕ್ಕಳಿಗೆ ಊಟ ತರುವುದನ್ನು ನಾನು ಎಲ್ಲಿಯೂ ನೋಡಿಲ್ಲ. ನಮ್ಮ ಹೊಳೆಯ ಗಂಡಸರು ಸುಧಾರಿಸಿದ್ದಾರೆ ಎಂದುಕೊಳ್ಳುತ್ತೇನೆ.

ಹೆಸ್ಟರ್


ಸ್ವೇಲ್‌ಫೋರ್ಡ್
ಜುಲೈ 24

ಹೆಸ್ಟರ್,

ಸುಧಾರಿಸಿಲ್ಲ.

ಈ ಪತ್ರವನ್ನು ಊನಾಳಿಗೆ ಓದಬೇಡ. ಡಚೆಸ್ ಇಲ್ಲ, ಗಂಡನಿಲ್ಲ, ಕಿರಿಯದೂ ಇಲ್ಲ. ಇಲ್ಲಿ ಇಲಿ ಇಲ್ಲ. ಇದು ಶ್ಲೇಷೆಯಂತೆ ಕೇಳಿಸುತ್ತದೆ. ಬಾಯಿಗೆ ಅಂಟಿದ ರೋಗ, ತಪ್ಪು ಒಪ್ಪಿಕೊಳ್ಳುವಾಗಲೂ ಬಿಡುವುದಿಲ್ಲ.

ನಿನ್ನ ಮೇ ತಿಂಗಳ ಕೊನೆಯ ಪತ್ರ ಬಂದ ಮರುದಿನ ನಸುಕಿಗೆ ನಾನು ಬೆಂಚಿನ ಮೇಲೆ ಕೂತು ಸೀಟಿ ಹೊಡೆದೆ. ಬಂತು. ಮೀನು ಕಚ್ಚಿ ಕತ್ತೆತ್ತಿತು. ಅದರ ಗದ್ದದಲ್ಲಿ ಬಿಳಿ ಮಚ್ಚೆ, ನನ್ನ ಎದೆಯಲ್ಲಿ ಗದ್ದಲ. ಸಂದೇಹಕ್ಕೆ ಜಾಗವೇ ಇರಲಿಲ್ಲ. ಇಷ್ಟಾದ ಮೇಲೂ ನಾನು ಜೋಸ್ಲಿನ್‌ಳನ್ನು ಕರೆಯಲಿಲ್ಲ. ತೋಟ ತೆರೆಯುವ ಭಾನುವಾರ ಹತ್ತಿರವಿತ್ತು, ಗೋಡೆಗೋಡೆಯ ಮೇಲೂ ನನ್ನ ನೀರುನಾಯಿ ಇತ್ತು. ಅದೊಂದು ದಿನ ಕಳೆಯಲಿ ಎಂದುಕೊಂಡೆ. ಮೀನಮೇಷ ಎಣಿಸುತ್ತಾ ಮೀನು ಹಾಕಿದೆ. ಗೊತ್ತಿಲ್ಲದೆ ಹಾಕಿದ ಮೀನಿಗೆ ನೀನು ಕ್ಷಮಿಸಿಯೂ ಬಿಡಬಹುದು. ಗೊತ್ತಿದ್ದೂ ಹಾಕಿದ ಮೀನಿನ ಮಾತು ಬೇರೆ.

ಆ ಭಾನುವಾರ ಊರೆಲ್ಲ ಹುಲ್ಲಿನ ಮೇಲೆ ಚಹಾದ ಬಟ್ಟಲು ಹಿಡಿದು ನಿಂತಿತ್ತು. ನಾನು ಸೀಟಿ ಹೊಡೆದೆ. ನೀರಿನಿಂದ ಅದು ಬಂದಾಗ ಅದರ ಬಾಯಲ್ಲಿ ಏನೋ ಇತ್ತು.

"ಅಯ್ಯೋ ಪಾಪ, ತನ್ನ ಊಟ ತಾನೇ ತಂದಿದೆ ನೋಡ್ರೀ" ಎಂದಳು ಡೇಕರ್.

"ಇಲಿ ಹಿಡ್ದಿದೆ ಕಣ್ರೀ, ಒಳ್ಳೇದೇ ಆಯ್ತು" ಎಂದು ಯಾರೋ ಅಂದರು. ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ ಹೆಸ್ಟರ್. ಎಲ್ಲರೂ ನನ್ನ ಮುಖ ನೋಡುತ್ತಿದ್ದರು.

ನೀರುನಾಯಿ ಇಲಿ ಹಿಡಿದ ಸುದ್ದಿ ಕೇಳಿ ಮರುದಿನ ಜೋಸ್ಲಿನ್ ತಾನಾಗಿಯೇ ಬಂದಳು. ಬಿಲಗಳ ಬಾಯಲ್ಲಿ ಜೇಡರ ಬಲೆ, ಕಲ್ಲುಗಳ ಮೇಲೆ ಹಳೆಯ ಒಣ ಹಿಕ್ಕೆ, ಕಚ್ಚಿದ ಕಾಂಡ ಒಂದೂ ಇಲ್ಲ. ಎರಡು ದಂಡೆಯನ್ನೂ ಮಂಡಿಯೂರಿ ನೋಡಿದಳು. ನಿನ್ನ ಕಡೆಯನ್ನು ಎರಡು ಸಲ.

"ಯಾವಾಗ್ಲಿಂದ ಊಟ ಹಾಕ್ತಿದ್ದೀರಾ?"

"ಏಪ್ರಿಲ್ ಕೊನೆಯಿಂದ. ನೋಡು ಜೋಸ್ಲಿನ್, ನಾನು ಅಂದ್ಕೊಂಡಿದ್ದು..."

"ಥ್ರಪ್ ಅವ್ರೇ, ಬಾಯಿ ತೆಗೀರಿ ಅನ್ನೋದು ನನ್ನ ಕಸುಬು. ಇವತ್ತು ದಯವಿಟ್ಟು ಮುಚ್ಕೊಂಡಿರಿ."

ತೆಪ್ಪ ನೀರಿಗಿಳಿಯಿತು, ಅದರ ಗೂಡಿನೊಳಗೆ ಬೋನು. ಕಾಡು ಮಿಂಕ್ ಆದರೆ ವಾರಗಟ್ಟಲೆ ಬೀಳುವುದಿಲ್ಲವಂತೆ. ನನ್ನದು ಮರುದಿನವೇ ಬಿತ್ತು, ಟ್ರೌಟ್ ತಲೆಯ ವಾಸನೆಗಲ್ಲ, ನನ್ನ ಸೀಟಿಗೆ. ಜೋಸ್ಲಿನ್ ಹೊಡೆ ಎಂದಳು, ಹೊಡೆದೆ. ಬೋನಿನೊಳಗಿಂದ ಅದು ನನ್ನ ಕಡೆಗೇ ನೋಡುತ್ತಿತ್ತು, ಬಾಗಿಲು ತೆಗೆಯುವವನು ನಾನೇ ಎಂಬಂತೆ. ಹಿಡಿದ ಮಿಂಕ್ ಅನ್ನು ಮತ್ತೆ ಬಿಡಲು ಕಾನೂನು ಒಪ್ಪುವುದಿಲ್ಲ. ಜೋಸ್ಲಿನ್ ಚೀಲದಿಂದ ಪಿಸ್ತೂಲು ತೆಗೆದು, "ಆ ಕಡೆ ನೋಡಿ, ನೋವಾಗಲ್ಲ" ಎಂದಳು. ರೋಗಿಗಳಿಗೂ ಹಾಗೇ ಹೇಳುತ್ತಾಳೆ. ನನಗೆ ಹೇಳಿದಳೋ ಅದಕ್ಕೆ ಹೇಳಿದಳೋ ತಿಳಿಯಲಿಲ್ಲ.

ಊರಿಗೆ ನಾನಿನ್ನೂ ಹೇಳಿಲ್ಲ. ತಾನೂ ಊರಿಗಾಗಲಿ ನಿನಗಾಗಲಿ ಹೇಳದೆ, ನನಗೇ ಬಿಟ್ಟು ಜೋಸ್ಲಿನ್ ಶಿಕ್ಷೆ ಕೊಡುತ್ತಿದ್ದಾಳೆ. ಜನ ಈಗಲೂ ಹರಕೆ ಹೊತ್ತವರಂತೆ ನನ್ನ ಗೇಟಿಗೆ ಮೀನಿನ ತಲೆ ಇಟ್ಟು ಹೋಗುತ್ತಾರೆ. ಇವತ್ತು ಸಾರ್ಡೀನ್ ಡಬ್ಬಿಯೊಂದು ಇತ್ತು, ತೆರೆಯುವ ಕೀಲಿಯ ಸಮೇತ.

ನಿನಗೆ ಬಿಳಿ ಕಾಣಲಿಲ್ಲವೆಂದು ಬರೆದೆ. ಆಮೇಲೆ ಸತ್ತ ಇಲಿಗಳಿಗೆ ಹೆಸರಿಟ್ಟು ಕುಣಿಸಿದೆ. ಬರೆಯುವಾಗ ಸಂತೋಷವಾಗಿತ್ತು, ಅದನ್ನೂ ಹೇಳಿಬಿಡಬೇಕು. ಕತೆಯಲ್ಲಿ ಕಿರಿಯದು ನೀರಿಗೆ ಹಾರದೆ ನಿಂತದ್ದು ಯಾಕೆಂದು ಈಗ ನಿನಗೆ ಗೊತ್ತಾಗುತ್ತದೆ. ನೀರಿಗೆ ಹಾರಿದರೂ ಅದಕ್ಕೆ ದಾರಿಯಿರಲಿಲ್ಲ.

ಲಯನೆಲ್


ಸ್ಟ್ರಾಮ್‌ನೆಸ್
ಆಗಸ್ಟ್ 5

ಶ್ರೀ ಥ್ರಪ್ ಅವರಿಗೆ,

ನಿಮ್ಮ ಪತ್ರ ತಲುಪಿತು. ಸಮುದ್ರದ ದಡಕ್ಕೆ ಹೋಗಿ ಓದಿದೆ, ಮನೆಯಲ್ಲಿ ಓದಿದ್ದರೆ ಊನಾ ನನ್ನ ಮುಖ ಓದುತ್ತಿದ್ದಳು.

ಬಿಳಿ ಇಲ್ಲವೆಂದು ನೀವು ಬರೆದಾಗ ನಾನು ನಂಬಿದ್ದು ನಂಬಬೇಕಾಗಿದ್ದರಿಂದ. ನಂಬದಿದ್ದರೆ ಮೊದಲ ಹಡಗಿಗೆ ಹೊರಡಬೇಕಿತ್ತು, ಹೊರಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ನಿಮಗೆ ಬರೆಯದಿದ್ದ ಸಂಗತಿಯೊಂದಿದೆ. ಊನಾಳ ಮೂಳೆ ಕೂಡಿಲ್ಲ. ಮೇ ತಿಂಗಳ ಕೊನೆಗೆ ಡಾಕ್ಟರು ಮತ್ತೆ ಕೊಯ್ಯಬೇಕೆಂದ ದಿನ ಆಕೆ ಗೋಡೆಯ ಕಡೆ ತಿರುಗಿ ಮಲಗಿದವಳು ಊಟ ಬಿಟ್ಟಳು, ಮಾತು ಬಿಟ್ಟಳು. ಆಕೆಯ ಬಾಯಿಂದ ಮತ್ತೆ ಮಾತು ಬಂದದ್ದು ನಿಮ್ಮ ಡಚೆಸ್ ಬಂದ ಮೇಲೆ. ಈಗ ಸೆಪ್ಟೆಂಬರಿನಲ್ಲಿ ಕೊಯ್ಯಲು ಒಪ್ಪಿದ್ದಾಳೆ. "ಆ ಕಿರೀದು ಹಾರ್ಲಿ, ಆಮೇಲೆ ನಾನೂ ಹೋಗ್ತೀನಿ" ಎನ್ನುತ್ತಾಳೆ.

ಹನ್ನೊಂದು ವರ್ಷದ ದಂಡೆಯ ಬಗ್ಗೆ ನನಗೆ ಈಗ ಬರೆಯಲು ಆಗುವುದಿಲ್ಲ. ಬರೆದರೆ ನಿಲ್ಲಿಸಲು ಆಗುವುದಿಲ್ಲ.

ಮಾಡಬೇಕಾದ್ದು ಇಷ್ಟು. ಹುಲ್ಲು ಹಾಗೇ ಇರಲಿ. ತೆಪ್ಪ ನೀರಿನಲ್ಲೇ ಇರಲಿ, ಜೇಡಿ ನೋಡಿ. ಮಿಂಕ್ ಸುಳಿಯದೆ ಹೊಳೆ ಬಹುಕಾಲ ಶಾಂತವಾಗಿದ್ದರೆ ಬೇರೆ ಕಡೆ ಬೆಳೆಸಿದ ನೀರಿಲಿಗಳನ್ನು ತಂದು ಬಿಡಬಹುದೆಂದು ಜೋಸ್ಲಿನ್ ಹಿಂದೆ ಹೇಳಿದ್ದಳು. ಅಷ್ಟು ಕಾಲ ನಾವಿಬ್ಬರೂ ಇರುತ್ತೇವೋ ಇಲ್ಲವೋ. ಊರವರಿಗೆ ನೀವೇ ಹೇಳಿ, ನಿಂತು ಹೇಳಿ.

ಇನ್ನು ಊನಾಳಿಗೆ ಬರೆಯುವುದನ್ನು ನೀವು ನಿಲ್ಲಿಸುವಂತಿಲ್ಲ. ಸುಳ್ಳು ಶುರುಮಾಡಿದವರು ನೀವು. ಅದನ್ನು ಈಗ ನನಗಾಗಿ ಸಾಕಿ. ಮೀನಿಗಿಂತ ಅಗ್ಗ.

ಹೆಸ್ಟರ್ ಪೆಂಗೆಲ್ಲಿ


ಸ್ವೇಲ್‌ಫೋರ್ಡ್
ಆಗಸ್ಟ್ 16

ಪ್ರಿಯ ಊನಾ,

ಕಿರಿಯದು ಹಾರಿತು.

ಯಾರೂ ನೋಡದ ಹೊತ್ತು ನೋಡಿ ಹಾರಿತು, ಮರ್ಯಾದೆಯ ಪ್ರಶ್ನೆ. ಒಂದು ಚಿಕ್ಕ 'ಪ್ಲಪ್'. ಆಮೇಲೆ ಆಚೆ ದಂಡೆಯಲ್ಲಿ, ನಿಮ್ಮಕ್ಕನ ಜೊಂಡಿನ ನಡುವೆ ಎದ್ದು ಮೈ ಕೊಡವಿ, ಇದೇನು ಮಹಾ ಎಂಬಂತೆ ಕೂತಿತು. ಡಚೆಸ್ ಹೊಗಳಲಿಲ್ಲ. ಹೊಗಳುವ ಪೈಕಿಯೇ ಅಲ್ಲ ಆಕೆ.

ಹಾರಿದ ಖುಷಿಗೆ ಅದರ ಬಾಗಿಲಲ್ಲಿ ಅರ್ಧ ಸೇಬು ಇಟ್ಟು ಬಂದೆ. ನೀರಿಲಿಗೆ ಸೇಬೆಂದರೆ ಹಬ್ಬ. ಬೆಳಿಗ್ಗೆ ಹೋಗಿ ನೋಡಿದರೆ ಸಿಪ್ಪೆ ಸಹಿತ ಖಾಲಿ, ಬೀಜ ಮಾತ್ರ ಸಾಲಾಗಿ ಉಳಿದಿತ್ತು.

ಇನ್ನು ನಿಮ್ಮ ಸರದಿ. ಸೆಪ್ಟೆಂಬರಿನಲ್ಲಿ ಹೆದರಬೇಡಿ.

ನಿಮ್ಮ,
ಲಯನೆಲ್ ಥ್ರಪ್


(ಅದೇ ಲಕೋಟೆಯಲ್ಲಿ, ಬೇರೆ ಚೀಟಿ)

ಹೆಸ್ಟರ್,

ಶುಕ್ರವಾರ ಊರಿನ ಸಭಾಮನೆಯಲ್ಲಿ ನಿಂತು ಹೇಳಿದೆ. ಯಾರೂ ಬೈಯಲಿಲ್ಲ. ಡೇಕರ್ ಬಂದು ತೋಳು ಹಿಡಿದು, "ನಾವೂ ಚಪ್ಪಾಳೆ ತಟ್ಟಿದ್ವಲ್ಲ" ಎಂದಳು. ಬೈದಿದ್ದರೆ ಹಗುರಾಗುತ್ತಿತ್ತು.

ಜೇಡಿ ದಿನಾ ನೋಡುತ್ತೇನೆ. ಗುರುತಿಲ್ಲ.

ಸೇಬು ನಿಜವಾಗಿ ಇಟ್ಟೆ. ಬೆಳಿಗ್ಗೆ ಹೋದಾಗ ಇಟ್ಟಲ್ಲೇ ಇತ್ತು, ಕಂದಿತ್ತು, ಇರುವೆ ಹತ್ತಿತ್ತು. ಊನಾಳಿಗೆ ಬರೆಯುವ ಮಾತು ಅರ್ಧವಾದರೂ ನಿಜವಿರಲಿ ಎಂದು ಬಿಲದ ಬಾಯಲ್ಲಿ ಕೂತು ನಾನೇ ತಿಂದೆ, ಸಿಪ್ಪೆ ಸಹಿತ.

ಲಯನೆಲ್